ಇತರೆ ಅಂಶಗಳು ಸ್ಥಿರವಾಗಿದ್ದರೆ

ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಬಾಗಲಕೋಟೆ ಬಸ್ಸಿಗೆ ಮಂದಿಯೆಲ್ಲ ಮುಗಿಬಿದ್ದಾಗ ಒಬ್ಬ ಮಾತ್ರ ದೂರ ನಿಂತು, ಕೈ ಕಟ್ಟಿ, ಆ ನೂಕುನುಗ್ಗಲನ್ನು ಅಭ್ಯಾಸ ಮಾಡುತ್ತಿದ್ದರೆ ಅವನು ಬಿ.ಎ. ಎರಡನೇ ವರ್ಷದ ಎಕನಾಮಿಕ್ಸ್ ಹುಡುಗ ಎಂದು ಕಣ್ಣು ಮುಚ್ಚಿ ಹೇಳಬಹುದು. ಎಚ್‌ಇಪಿ ತಗೊಂಡವರು ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್ ಮೂರನ್ನೂ ಓದುತ್ತಾರೆ ನಿಜ. ಆದರೆ ಮೂರರಲ್ಲಿ ಒಂದು ಮೈಮೇಲೆ ಬರುತ್ತದೆ. ಪೊಲಿಟಿಕಲ್ ಸೈನ್ಸ್ ಬಂದವನು ಆಗಲೇ ಕಂಡಕ್ಟರನ ಜತೆ ಜಗಳ ತೆಗೆದಿರುತ್ತಾನೆ. ಹಿಸ್ಟರಿ ಬಂದವನು ಹೋದ ಬಸ್ಸಿನ ಬಗ್ಗೆ ಮಾತಾಡುತ್ತಿರುತ್ತಾನೆ. ಇವನು ಬೇಡಿಕೆ ಮತ್ತು ಪೂರೈಕೆ ಸಮತೋಲನಕ್ಕೆ ಬರಲಿ ಎಂದು ಕಾಯುತ್ತಾನೆ. ಬಸ್ಸು ಕಾಯುವುದಿಲ್ಲ.

2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳ ಟಿಕೆಟ್ ದರ ಸೊನ್ನೆಗಿಳಿದದ್ದು ಇವನ ಪಾಲಿಗೆ ಆಕಾಶದಿಂದ ಬಿದ್ದ ಉದಾಹರಣೆ. ಮುಂದಿನ ಬಸ್ಸಿನಲ್ಲಿ ಕಂಬಿ ಹಿಡಿದು ಜೋತಾಡುತ್ತ ಪಕ್ಕದವರಿಗೆ ಪಾಠ ಶುರು ಮಾಡಿದ: "ಬೆಲಿ ಸೊನ್ನಿ ಆತಂದ್ರ ಬೇಡಿಕಿ ಏರತೈತ್ರೀ ಕಾಕಾ." ಬುಟ್ಟಿಯನ್ನು ತೊಡೆಯ ಮೇಲಿಟ್ಟು ಕೂತಿದ್ದ ಅಕ್ಕ ತಿರುಗಿ ನೋಡಿದಳು. "ತವರಿಗೆ ಹೋಗೂ ಆಸೆ ಮೊದಲಿಂದ್ಲೂ ಇತ್ತೋ ತಮ್ಮಾ. ರೊಕ್ಕ ಇದ್ದಿಲ್ಲ." ಬಯಕೆ ಬೇರೆ, ಬೇಡಿಕೆ ಬೇರೆ ಎಂಬುದು ಅವನ ಪಠ್ಯದಲ್ಲೂ ಇತ್ತು. ಎರಡು ಮಾರ್ಕಿನ ಪ್ರಶ್ನೆಯೆಂದು ಬಿಟ್ಟಿದ್ದ.

ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದರೆ ಎಲ್ಲರೂ ನಾಟಕ ಕಂಪನಿಯ ಬೋರ್ಡು ನೋಡುತ್ತಾರೆ, ಇವನು ಮಾರುಕಟ್ಟೆಯ ಸ್ವರೂಪ ನೋಡುತ್ತಾನೆ. ಸಾಲಾಗಿ ಕೂತ ಹೆಣ್ಣುಮಕ್ಕಳ ಬುಟ್ಟಿಯಲ್ಲಿ ಅದೇ ಜೋಳದ ರೊಟ್ಟಿ, ಅದೇ ಪುಂಡಿಪಲ್ಯ, ಅದೇ ಕೆಂಪು ಖಾರ, ಅದೇ ಗಟ್ಟಿ ಮೊಸರು. ಪುಸ್ತಕದಲ್ಲಷ್ಟೇ ಇದೆಯೆಂದುಕೊಂಡಿದ್ದ ಪರಿಪೂರ್ಣ ಪೈಪೋಟಿ ಕಣ್ಣಮುಂದೆ ಕಂಡು ಅವನಿಗೆ ರೋಮಾಂಚನ. ಆ ಖುಷಿಯಲ್ಲೇ ನಾಲ್ಕು ರೊಟ್ಟಿ ಮುಗಿಸಿದ. ರೊಕ್ಕ ಕೊಡುವಾಗ ಇಳಿಮುಖ ಸೀಮಾಂತ ತುಷ್ಟಿಗುಣ ನೆನಪಾಯಿತು. ಮೊದಲನೇ ರೊಟ್ಟಿ ಕೊಟ್ಟಷ್ಟು ತೃಪ್ತಿಯನ್ನು ನಾಲ್ಕನೆಯದು ಕೊಡಲಿಲ್ಲ, ಆದ್ದರಿಂದ ಅದರ ರೇಟು ಕಮ್ಮಿ ಆಗಬೇಕೆಂದು ವಾದ ಹೂಡಿದ.

"ನಾಕೂ ರೊಟ್ಟಿಗೆ ಜ್ವಾಳ ಅಷ್ಟ ಹತ್ತೈತೋ ಯಪ್ಪಾ," ಎಂದಳು ಆಕೆ.

ಬೆಲೆಗೆ ಕೊಳ್ಳುವವನ ತೃಪ್ತಿಯೊಂದೇ ಆಧಾರವಲ್ಲ, ತಯಾರಿಸಿದವರ ಖರ್ಚೂ ಲೆಕ್ಕಕ್ಕೆ ಬರುತ್ತದೆ ಎಂದು ತಿಳಿಸಲು ಮಾರ್ಷಲ್ ಸಾಹೇಬ 1890ರಲ್ಲಿ ಕತ್ತರಿಯ ಎರಡು ಅಲಗು ತೋರಿಸಬೇಕಾಗಿತ್ತು. ಬನಶಂಕರಿಯಲ್ಲಿ ಕತ್ತರಿ ಬೇಕಾಗಲಿಲ್ಲ. ಇವನು ಸೋಲಲಿಲ್ಲ. "ಇತರೆ ಅಂಶಗಳು ಸ್ಥಿರವಾಗಿದ್ರ..." ಎಂದು ಬಾಯಿ ತೆಗೆಯುವಷ್ಟರಲ್ಲಿ ಮಂಗ ಬಂದು ಮೊಸರಿನ ಕುಡಿಕೆಯನ್ನೇ ಎತ್ತಿಕೊಂಡು ಹೋಯಿತು. ಅದರ ರೊಕ್ಕವೂ ಇವನ ಲೆಕ್ಕಕ್ಕೇ ಬಿತ್ತು.

ಇತರೆ ಅಂಶಗಳು ಸ್ಥಿರವಾಗಿದ್ದರೆ! ಹೇಳಿದ್ದು ಸುಳ್ಳಾದಾಗಲೆಲ್ಲ ಅವನು ಇದರ ಹಿಂದೆ ಅಡಗುತ್ತಾನೆ. ಆದರೆ ಈ ಪಾಠವನ್ನು ಅವನು ಕೇಳುವುದು ಬಾಗಲಕೋಟೆಯಲ್ಲಿ. ಆಲಮಟ್ಟಿಯ ಹಿನ್ನೀರು ಬಂತೆಂದು ಓಣಿಗೆ ಓಣಿಯೇ ಎದ್ದು ಹೋಗಿ ನವನಗರದ ಸೆಕ್ಟರ್ ನಂಬರಿನಲ್ಲಿ ಕೂತ ಊರದು. ಜಿಲ್ಲೆಯಾದರೂ ಸ್ಥಿರವೆ? 1997ರವರೆಗೆ ಅದು ವಿಜಾಪುರದ ಹೊಟ್ಟೆಯಲ್ಲಿತ್ತು. ಹುನಗುಂದ ತಾಲೂಕಿನಲ್ಲಿದ್ದ ಇಳಕಲ್ಲು ತಾನೇ ತಾಲೂಕಾಯಿತು. ಇಲ್ಲಿಯ ಡಿಗ್ರಿಗೆ ಮೊದಲು ಧಾರವಾಡದ ಸಿಕ್ಕಾ ಬೀಳುತ್ತಿತ್ತು, 2010ರಿಂದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ್ದು, ಆಮೇಲೆ ಬಾಗಲಕೋಟೆ ವಿಶ್ವವಿದ್ಯಾಲಯ ಅಂತಲೇ ಒಂದು ಹುಟ್ಟಿತು, ಅದು ಇರುವುದು ಜಮಖಂಡಿಯಲ್ಲಿ. ಮೂರು ವರ್ಷದ ಡಿಗ್ರಿ 2021ರಲ್ಲಿ ನಾಲ್ಕರತ್ತ ಜಿಗಿದು 2024ರಲ್ಲಿ ಮತ್ತೆ ಮೂರಕ್ಕೆ ಬಂದು ಕೂತಿತು. ಈ ಪೈಕಿ ಸ್ಥಿರವಾಗಿರುವುದು ಹಾಸ್ಟೆಲಿನ ಸಾರು ಒಂದೇ.

ಮನೆ ಇಳಕಲ್ಲಿನಲ್ಲಿ. ಕುಣಿಮಗ್ಗದಲ್ಲಿ ಅಪ್ಪ. ಮೈಯ ಹಾಸಿಗೂ ಟೋಪಿತೆನೆ ಸೆರಗಿನ ರೇಷ್ಮೆ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕುವ ಅವ್ವ. ಮೂಲೆಯಲ್ಲಿ ಕಂಡಿಕೆ ಸುತ್ತುವ ಆಯಿ. ಇವನು ಬಾಗಿಲಿಗೊರಗಿ ಶ್ರಮ ವಿಭಜನೆ ಹೇಳುತ್ತಾನೆ: 1776ರಲ್ಲೇ ಆಡಂ ಸ್ಮಿತ್ ಲೆಕ್ಕ ಕೊಟ್ಟಿದ್ದಾನೆ, ಗುಂಡುಸೂಜಿಯ ಕೆಲಸ ಹಂಚಿಕೊಂಡರೆ ಹತ್ತೇ ಮಂದಿ ದಿನಕ್ಕೆ 48,000 ಸೂಜಿ ಮಾಡುತ್ತಾರೆ.

"ಅಷ್ಟ್ ಸೂಜಿ ಯಾರ್ ತಗೊಂಡ್ರೋ?" ಎಂದು ಆಯಿ ಕೇಳಿದಳು. ಸಾಹುಕಾರನ ಗಾದಿಯ ಹಿಂದೆ ಮಾರಾಟವಾಗದೆ ಬಿದ್ದ ಸೀರೆಯ ಗಂಟು ಆಕೆಯ ಕಣ್ಣಲ್ಲಿತ್ತು.

ಅಪ್ಪ ಒಂದು ತಾಸು ಕಂಡಿಕೆ ಸುತ್ತು ಎಂದರೆ, "ನನ್ನ ಟೈಮಿಗೆ ಅವಕಾಶ ವೆಚ್ಚ ಐತಿ" ಎನ್ನುತ್ತಾನೆ. ಆ ಟೈಮು ಚಾದಂಗಡಿಯಲ್ಲಿ ಖರ್ಚಾಗುತ್ತದೆ.

ಆದರೆ ಅವನನ್ನು ಬರೀ ದಡ್ಡ ಅಂದುಕೊಂಡರೆ ತಪ್ಪು. ಒಂದು ರಾತ್ರಿ ಕ್ಯಾಲೆಂಡರಿನ ಬೆನ್ನ ಮೇಲೆ ಬರೆದು ತೋರಿಸಿದ: ನೂಲು ಕೊಡುವವನೂ ಸಾಹುಕಾರ, ಸೀರೆ ಹೊತ್ತೊಯ್ಯುವವನೂ ಸಾಹುಕಾರ, ಕೊಳ್ಳುವವನು ಒಬ್ಬನೇ ಆದಲ್ಲಿ ಮಜೂರಿ ಅವನು ಹೇಳಿದಷ್ಟೇ, ಇಳಕಲ್ ಸೀರೆಗೆ ಜಿಐ ಗುರುತು ಸಿಕ್ಕಿದ್ದು ನಿಜ, ಆದರೆ ಆ ಹೆಸರಿನ ಬೆಲೆ ಮಗ್ಗದ ಕುಣಿಯತನಕ ಇಳಿಯುವುದಿಲ್ಲ. ಅಪ್ಪ ಲಾಳಿ ನಿಲ್ಲಿಸಿ ಕೇಳಿದ. ಅಷ್ಟು ಹೊತ್ತು ಲಾಳಿ ನಿಂತದ್ದು ಆ ಮನೆಯಲ್ಲಿ ಅಪರೂಪ. "ಇದನ್ನ ಸಾಹುಕಾರ್ರ ಮುಂದ ಹೇಳ ನಡಿ," ಎಂದ.

ಹೋಗಿ ಹೇಳಿದ. ಸಾಹುಕಾರರು ಪೂರಾ ಕೇಳಿ, ಚಾ ತರಿಸಿ, "ಭಾಳ ಚಲೋ ಹೇಳಿದೆಪಾ. ಪಾಸಾದ ಮ್ಯಾಲೆ ನಮ್ಮಲ್ಲೇ ಲೆಕ್ಕ ಬರಿಯಾಕ ಬಾ. ಐದು ಸಾವಿರ ಕೊಡ್ತೀನಿ," ಎಂದರು. ಮಜೂರಿಯ ಮಾತು ಚಾದ ಕಪ್ಪಿನಲ್ಲೇ ಉಳಿಯಿತು.

ಪಾಸಾದ. ಆದರೆ ಹೋಗಲಿಲ್ಲ. ಯುವನಿಧಿಯ ನಿಯಮ ಅವನಿಗೆ ಬಾಯಿಪಾಠ: ಡಿಗ್ರಿ ಮುಗಿಸಿ 180 ದಿನ ಕೆಲಸ ಸಿಗದಿದ್ದರೆ ತಿಂಗಳಿಗೆ 3,000, ಗರಿಷ್ಠ ಎರಡು ವರ್ಷ. "ಸುಮ್ನ ಕುಂತ್ರ ಮೂರು, ದುಡದ್ರ ಐದು. ಅಂದ್ರ ತಿಂಗಳಪೂರ್ತಿ ದುಡದದ್ದಕ್ಕ ಬರೂದು ಎರಡ ಸಾವಿರ. ಯಾವ ಶಾಣ್ಯಾ ಹೋಗ್ತಾನಪ್ಪಾ?" ಅಪ್ಪ ಬೆರಳು ಎಣಿಸಿ ಎಣಿಸಿ ನೋಡಿದ. ತಪ್ಪು ಸಿಗಲಿಲ್ಲ.

"ಎರಡ್ ವರ್ಷ ಆದ ಮ್ಯಾಲೆ?" ಎಂದಳು ಆಯಿ.

ಅದು ದೀರ್ಘಾವಧಿ. ದೀರ್ಘಾವಧಿಯಲ್ಲಿ ನಾವೆಲ್ಲ ಏನಾಗಿರುತ್ತೇವೆ ಎಂದು ಕೇನ್ಸ್ 1923ರಲ್ಲೇ ಬರೆದಿಟ್ಟಿದ್ದಾನೆ, ಆದರೆ ಎಂಬತ್ತು ದಾಟಿದ ಆಯಿಯ ಮುಂದೆ ಆಡುವ ಮಾತಲ್ಲ ಅದು.

ಸಾಹುಕಾರರ ಗಾದಿಯ ಪಕ್ಕದಲ್ಲಿ ಈಗ ಎದುರು ಮನೆಯ ಬಿ.ಕಾಂ. ಹುಡುಗ ಕೂತು ಲೆಕ್ಕ ಬರೆಯುತ್ತಾನೆ. ಸೀಮಾಂತ ವಿಶ್ಲೇಷಣೆ ಗೊತ್ತಿಲ್ಲದ ಆ ಬಡಪಾಯಿಯನ್ನು ಕಂಡರೆ ಚಾದಂಗಡಿಯಲ್ಲಿರುವ ನಮ್ಮವನಿಗೆ ಬಹಳ ಕನಿಕರ. ಚಾದ ರೊಕ್ಕ ಮಾತ್ರ ಅವನ ಹೆಸರಿಗೇ ಬರೆಸುತ್ತಾನೆ.