ಇಲಿಯ ಪ್ರಾಸ್ಟೇಟ್: ಕೆಡಿಸುವವರ ಕೈಪಿಡಿ

ಖರೀದಿಗೆ ಧನ್ಯವಾದಗಳು. ಯಾವುದಕ್ಕೂ ಕೈ ಹಾಕುವ ಮೊದಲು ಪೂರ್ತಿ ಓದಿ.

ಪೆಟ್ಟಿಗೆಯಲ್ಲಿ ಇರುವುದು: ಗಂಡಿಲಿ ಒಂದು. ಪ್ರಾಸ್ಟೇಟ್ ಗ್ರಂಥಿ ಒಳಗೇ ಜೋಡಿಸಿ ಬಂದಿದೆ. ಪ್ರಾಣಿ ಪ್ರಯೋಗ ಸಮಿತಿಯ ಅನುಮತಿ ಪತ್ರ ಸೇರಿಲ್ಲ, ಅದನ್ನು ನೀವೇ ತರಬೇಕು. ಈ ಪ್ರಾಣಿಗೆ ಪ್ರಾಸ್ಟೇಟ್ ಕ್ಯಾನ್ಸರ್ ತಾನಾಗಿ ಬರುವುದು ತೀರಾ ಅಪರೂಪ. ಬೇಕೆಂದರೆ ಬರಿಸಿಕೊಳ್ಳಬೇಕು.

ಮೊದಲು ತೆಗೆಯಬೇಕಾದ ಪಿಟೆನ್ ಜೀನ್ ಹುಡುಕಿ. 1997ರಲ್ಲಿ ಪತ್ತೆಯಾದದ್ದು. ಕೋಶಕ್ಕೆ ‘ಬೆಳೆ, ಬೆಳೆ’ ಎಂದು ಹೇಳುವ ಕೊಬ್ಬಿನ ಅಣುವೊಂದರಿಂದ ಒಂದೇ ಒಂದು ಫಾಸ್ಫೇಟ್ ಕಿತ್ತು ಅದರ ಬಾಯಿ ಮುಚ್ಚಿಸುವುದು ಪಿಟೆನ್ ಕೆಲಸ.

ಎಚ್ಚರಿಕೆ! ಇಡೀ ಇಲಿಯಿಂದ ಪಿಟೆನ್‌ನ ಎರಡೂ ಪ್ರತಿ ತೆಗೆದರೆ ಮರಿ ತಾಯ ಹೊಟ್ಟೆಯಲ್ಲೇ ಸಾಯುತ್ತದೆ. ಹಣ ವಾಪಸ್ ಇಲ್ಲ. ಪ್ರಾಸ್ಟೇಟ್‌ನಲ್ಲಿ ಮಾತ್ರ ತೆಗೆಯಲು ಜೀನಿನ ಆಚೀಚೆ 34 ಅಕ್ಷರಗಳ ಗುರುತು ಹಾಕಿ, ಕ್ರೀ ಎಂಬ ಕತ್ತರಿ ಬಿಡಿ. ಅದರ ಸ್ವಿಚ್ಚು ಗಂಡು ಹಾರ್ಮೋನಿಗೆ ಸ್ಪಂದಿಸುವಂಥದ್ದು. ಹಾಗಾಗಿ ಮರಿ ಪ್ರಾಯಕ್ಕೆ ಬರುವ ತನಕ ತಾಳ್ಮೆ ಇರಲಿ.

ಗ್ರಾಹಕರಿಂದ ಪದೇ ಪದೇ ಬರುವ ದೂರು: ‘ಪಿಟೆನ್ ಪೂರ್ತಿ ತೆಗೆದೆವು, ಆದರೂ ಗಡ್ಡೆ ಆಮೆಯ ಹಾಗೆ ತೆವಳುತ್ತಿದೆ.’ ದೋಷ ಉತ್ಪನ್ನದ್ದಲ್ಲ. ಪಿಟೆನ್ ಹೋದ ಸುದ್ದಿ ತಿಳಿದೊಡನೆ ಪಿ53 ಎಂಬ ಇನ್ನೊಂದು ಜೀನ್ ಎದ್ದು ಕೂರುತ್ತದೆ, ಹುಚ್ಚಾಗಿ ಬೆಳೆಯಹೊರಟ ಕೋಶಗಳಿಗೆ ಅಕಾಲ ಮುಪ್ಪು ತಂದು ಕೂರಿಸುತ್ತದೆ. ಅನುಮಾನವಿದ್ದರೆ ಗ್ರಂಥಿಯ ತೆಳು ಸೀಳೊಂದನ್ನು ಗಾಜಿನ ಮೇಲಿಟ್ಟು ಬಣ್ಣ ಹಾಕಿ ನೋಡಿ: ಮುಪ್ಪಾದ ಕೋಶಗಳು ನೀಲಿಗೆ ತಿರುಗಿರುತ್ತವೆ. ಆ ನೀಲಿ ಗಡ್ಡೆಯೊಳಗೇ ಇರುವುದು ನಮಗೆ ಈಗಲೂ ಸೋಜಿಗ.

‘ಹಾಗಾದರೆ ಪಿ53 ಒಂದನ್ನೇ ತೆಗೆದರೆ?’ ತೆಗೆದು ನೋಡಿ. ಪ್ರಾಸ್ಟೇಟ್‌ನಲ್ಲಿ ಗಡ್ಡೆಯ ಸುಳಿವೇ ಇಲ್ಲ. ಪಿಟೆನ್ ಇರುವ ತನಕ ಪಿ53ಗೆ ಇಲ್ಲಿ ಹೇಳಿಕೊಳ್ಳುವಂಥ ಕೆಲಸವಿಲ್ಲ, ಸರಕಾರಿ ಕಚೇರಿಯ ಎರಡನೇ ಗುಮಾಸ್ತನಂತೆ. ಎರಡನ್ನೂ ಒಟ್ಟಿಗೆ ತೆಗೆದಿರೋ, ಕಥೆ ಬೇರೆ. ನ್ಯೂಯಾರ್ಕಿನ ಕ್ಯಾನ್ಸರ್ ಕೇಂದ್ರ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನಲ್ಲಿ ವಿಜ್ಞಾನಿ ಪಂಡೋಲ್ಫಿ ಅವರ ತಂಡ 2005ರಲ್ಲಿ ವರದಿ ಮಾಡಿದಂತೆ, ಪ್ರಾಯಕ್ಕೆ ಬಂದ 2 ವಾರದಲ್ಲೇ ಗಡ್ಡೆ ಅಕ್ಕಪಕ್ಕಕ್ಕೆ ನುಗ್ಗತೊಡಗಬಹುದು. 7 ತಿಂಗಳು ತುಂಬುವುದರೊಳಗೆ ಒಂದು ಇಲಿಯೂ ಉಳಿಯುವುದಿಲ್ಲ. ಆದ್ದರಿಂದ ಈ ಸೆಟ್ಟಿಂಗ್ ಆರಿಸುವವರು ಕ್ಯಾಲೆಂಡರ್ ಎದುರಿಗೆ ನೇತುಹಾಕಿಕೊಳ್ಳಿ.

ಗಡ್ಡೆ ಗ್ರಂಥಿ ಬಿಟ್ಟು ದೂರ ಹೋಗಬೇಕೆಂಬ ಆಸೆಯೇ? ಪಿಟೆನ್ ಜೊತೆ ಸ್ಮ್ಯಾಡ್4 ಎಂಬ ಜೀನನ್ನೂ ತೆಗೆಯಿರಿ.

ಗ್ಯಾರಂಟಿ ಷರತ್ತು: ಮನುಷ್ಯರ ಪ್ರಾಸ್ಟೇಟ್ ಕ್ಯಾನ್ಸರ್ ಹರಡಿದಾಗ ಹೆಚ್ಚಾಗಿ ಹಿಡಿಯುವುದು ಮೂಳೆಯನ್ನು. ನಮ್ಮ ಮಾದರಿಯದು ದುಗ್ಧಗ್ರಂಥಿ, ಶ್ವಾಸಕೋಶಗಳ ತನಕ ಹೋಗಿ ನಿಲ್ಲುವುದೇ ಜಾಸ್ತಿ. ಮೂಳೆಗೆ ಸಂಬಂಧಿಸಿದ ದೂರುಗಳನ್ನು ಸ್ವೀಕರಿಸಲಾಗುವುದಿಲ್ಲ.