ಸ್ಟ್ರೈಕರ್ ಕೈಬಿಡದ ಕಾಕಾರಿಗೊಂದು ಬಹಿರಂಗ ಪತ್ರ

ಯಮಕನಮರಡಿ,
ಗಣಪತಿ ಪೆಂಡಾಲಿನ ಹಿಂದುಗಡೆಯಿಂದ, ಸರಿರಾತ್ರಿ.

ಸನ್ಮಾನ್ಯ ಕಾಕಾ,

ಕೇರಂ ಪಂದ್ಯಾವಳಿಯ ಎರಡನೇ ಸುತ್ತಿನಲ್ಲಿ ತಾವು ಇನ್ನೂ ಗುರಿ ಹಿಡಿದು ಕೂತಿದ್ದೀರಿ. ಆ ಬಿಡುವಿನಲ್ಲಿ ಈ ಪತ್ರ. ಬರೆದು, ತಿದ್ದಿ, ಮತ್ತೊಮ್ಮೆ ಚೊಕ್ಕ ಬರೆದರೂ ಸ್ಟ್ರೈಕರ್ ತಮ್ಮ ಬೆರಳು ಬಿಟ್ಟಿರುವುದಿಲ್ಲ ಎಂಬ ಭರವಸೆ ನನಗಿದೆ.

ತಮ್ಮ ಆಟ ನೋಡುವ ಪುಣ್ಯ ಸಿಗದ ಹತ್ತರಗಿ, ಹುಕ್ಕೇರಿ ಕಡೆಯವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಸ್ಟ್ರೈಕರ್ ಗೆರೆಯ ಮೇಲೆ ಕೂಡುತ್ತದೆ. ಎಡಕ್ಕೆ ಸರಿಯುತ್ತದೆ. ಬಲಕ್ಕೆ ಸರಿಯುತ್ತದೆ. ಕಾಕಾ ಒಂದು ಕಣ್ಣು ಮುಚ್ಚುತ್ತಾರೆ, ಆಮೇಲೆ ಇನ್ನೊಂದು. ಈಗ ಹೊಡೆದರು ಅನ್ನುವಷ್ಟರಲ್ಲಿ ಸ್ಟ್ರೈಕರ್ ಎತ್ತಿ ಅಂಗಿಗೆ ಒರೆಸುತ್ತಾರೆ. “ಪೌಡರ್ ಹಾಕ್ರೆಪಾ ಒಂದೀಟು.” ಪೌಡರ್ ಬರುತ್ತದೆ. ಜಾಸ್ತಿಯಾಯಿತೆಂದು ಊದುತ್ತಾರೆ. ಅದು ಎದುರಿಗೆ ಕೂತ ಹುಡುಗನ ಕಣ್ಣಿಗೆ ಬೀಳುತ್ತದೆ. ಅವನು ಕಣ್ಣು ತೊಳೆಯಲು ಎದ್ದರೆ, “ನೋಡ್ರಿ, ಹೆಂಗ ಟೈಮ್ ಹಾಳ ಮಾಡಾಕತ್ತಾನ” ಎಂದು ಅಂಪೈರ್‌ಗೆ ದೂರು.

ಅಂಪೈರ್ ಎಂದರೆ ಕಾಲೇಜು ಓದುವ ನಮ್ಮ ಓಣಿಯ ಹುಡುಗ. ಒಮ್ಮೆ ಧೈರ್ಯ ಮಾಡಿ “ಕಾಕಾ, ಟೈಮ್ ಆತ್ರಿ” ಅಂದ. ತಾವು ಕನ್ನಡಕದ ಮೇಲಿಂದ ನೋಡಿದಿರಿ. “ನಿಮ್ಮಪ್ಪ ಚಡ್ಡಿ ಹಾಕ್ಕೋತಿದ್ದಾಗಿಂದ ನಾ ಬೋರ್ಡ್ ಆಡಾಕತ್ತೇನು ತಮ್ಮಾ.” ಅಂದಿನಿಂದ ಆತ ಅಂಕ ಬರೆಯುವುದು ಬಿಟ್ಟು ಬೇರೇನೂ ಮಾಡುತ್ತಿಲ್ಲ.

ಕೇರಂ ಕಾಯ್ದೆಯ ಪ್ರಕಾರ ಒಂದು ಹೊಡೆತಕ್ಕೆ 15 ಸೆಕೆಂಡು. ನಮ್ಮೂರ ಪಕ್ಕದ ಹತ್ತರಗಿಯಲ್ಲಿ ಹೆದ್ದಾರಿ ಟೋಲ್ ಇದೆಯಲ್ಲ, ಅಂಥ ಕಡೆ ಒಂದು ಗಾಡಿಗೆ 10 ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದೆಂದು ಹೆದ್ದಾರಿ ಪ್ರಾಧಿಕಾರ 2021ರಲ್ಲೇ ಹೇಳಿತ್ತು. ಅಂದರೆ ಈರುಳ್ಳಿ ತುಂಬಿದ ಹತ್ತು ಗಾಲಿಯ ಲಾರಿಗಿಂತ ಐದು ಸೆಕೆಂಡು ಹೆಚ್ಚು ಕೊಟ್ಟು ಕೇರಂ ತಮಗೆ ಮರ್ಯಾದೆ ತೋರಿಸಿದೆ. ತಮಗೆ ಸಾಲಲಿಲ್ಲ.

ಲೆಕ್ಕ ಹಾಕೋಣ, ಹೇಗೂ ಹೊತ್ತಿದೆ. 25 ಅಂಕ ಇಲ್ಲವೆ 8 ಬೋರ್ಡ್‌ಗೆ ಒಂದು ಗೇಮ್. ಮೂರು ಗೇಮ್ ನಡೆದರೆ 24 ಬೋರ್ಡ್. ಇಬ್ಬರದೂ ಸೇರಿ ಬೋರ್ಡಿಗೆ 30 ಹೊಡೆತವೆಂದು ಹಿಡಿಯಿರಿ. ಪ್ರತಿ ಹೊಡೆತಕ್ಕೂ ಪೂರಾ 15 ಸೆಕೆಂಡು ತಿಂದರೂ ಮೂರು ತಾಸಿಗೆ ಮುಗಿಯಬೇಕು. ತಮ್ಮ ಹದದಲ್ಲಿ, ಅಂದರೆ ಹೊಡೆತಕ್ಕೊಂದು ನಿಮಿಷದಂತೆ, 12 ತಾಸು. ಮೊದಲ ಸುತ್ತುಗಳನ್ನು ಒಂದೇ ಗೇಮಿಗೆ ಇಳಿಸಿದ್ದು ಯಾಕೆಂದು ಹುಡುಗರು ಕೇಳುತ್ತಿದ್ದರು, ಅವರಿಗೆ ಉತ್ತರ ಸಿಕ್ಕಿರಬೇಕು. ತಮ್ಮ ತಲೆಯ ಮೇಲೆ ಉರಿಯುವ ಬಲ್ಬಿಗೆ ಕರೆಂಟು ಕೊಡುವುದು ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. 1969ರಿಂದ ಇದೆ, ರಾಜ್ಯದಲ್ಲಿ ಇಂಥದು ಮತ್ತೊಂದಿಲ್ಲ. ಈ ಸಲದ ಬಿಲ್ಲು ನೋಡಿ ಪೆಂಡಾಲಿನಲ್ಲಿ ಕಾರ್ಖಾನೆ ಹಾಕಿದ್ದಾರೇನೋ ಎಂದು ಸಂಘದವರು ತಿಳಿದಾರು.

ನಿಧಾನವೇ ತಮ್ಮ ಹುಟ್ಟುಗುಣವಾಗಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ಆದರೆ ಮೊದಲ ಬೋರ್ಡಿನಲ್ಲಿ ಎದುರಿನವನ ಕೈ ನಡುಗುತ್ತಿದ್ದಾಗ ತಾವು ಉಸಿರಾಡಲು ಬಿಡದೆ ಸಾಲಾಗಿ ಕಾಯಿ ಹಾಕಿದ್ದನ್ನು ನಾನು ಕಂಡಿದ್ದೇನೆ. ಆಗ ಎರಡೂ ಕಣ್ಣು ತೆರೆದೇ ಇದ್ದವು, ಪೌಡರೂ ಬೇಕಾಗಲಿಲ್ಲ. ಅವನು ಕ್ವೀನ್ ಹಾಕಿ ಕವರ್ ಮಾಡಿದನೋ ಇಲ್ಲವೋ, ತಮಗೆ ಬೆನ್ನುನೋವು, ಬಾಯಾರಿಕೆ, ಬಲ್ಬಿನ ನೆರಳು ಎಲ್ಲ ಒಮ್ಮೆಲೇ ಶುರುವಾದವು. ಅವನ ಪಾಳಿಯಲ್ಲಂತೂ ತಮ್ಮ ಚುರುಕೇ ಚುರುಕು. “ಕಟ್ ಹೊಡಿ, ಕಟ್... ಛೇ, ಅದು ಬೀಳೂದಿಲ್ಲ ಬಿಡು.” ಅವನು ಬೆರಳು ಮಡಚಿದ ಗಳಿಗೆಗೇ ತಮ್ಮ ಮೊಬೈಲಿನಲ್ಲಿ ಭಜನೆ ಮೊಳಗುತ್ತದೆ.

ತಮ್ಮದು ಹಳೆಯ ಮನೆತನ, ಅದನ್ನೂ ಹೇಳಬೇಕು. 1851ರಲ್ಲಿ ಲಂಡನ್ನಿನಲ್ಲಿ ಚದುರಂಗದ ಮೊದಲ ಅಂತಾರಾಷ್ಟ್ರೀಯ ಪಂದ್ಯಾವಳಿ ನಡೆದಾಗ ವೇಳೆಯ ಕಟ್ಟಳೆ ಇರಲಿಲ್ಲ. ಎಲಿಜಾ ವಿಲಿಯಮ್ಸ್ ಎಂಬವರು ಒಂದೊಂದು ನಡೆಗೆ ಎಷ್ಟು ಹೊತ್ತು ಕೂಡುತ್ತಿದ್ದರೆಂದರೆ, ಅವರೆದುರು ಸೋತ ಹೋವರ್ಡ್ ಸ್ಟಾಂಟನ್, ಆ ಕಾಲದ ದೊಡ್ಡ ಹುಲಿ, ತಮ್ಮ ಸಿಟ್ಟನ್ನೆಲ್ಲ ಅಚ್ಚು ಹಾಕಿಸಿದರು. ಹತ್ತು ವರ್ಷ ಕಳೆದು, 1861ರಲ್ಲಿ, ಮೇಜಿನ ಮೇಲೆ ಮರಳಿನ ಗಡಿಯಾರ ಬಂತು. 1883ರ ಲಂಡನ್ ಪಂದ್ಯಾವಳಿಗೆ ಜೋಡಿ ಗಡಿಯಾರ ಬಂತು. ಇಂಥವರ ಸಲುವಾಗಿ ಜಗತ್ತು ಒಂದು ಯಂತ್ರವನ್ನೇ ಮಾಡಿತು. ಪಂದ್ಯಾವಳಿ ನಡೆಸುವ ನಮ್ಮ ಗಣಪತಿ ಮಂಡಳಿಗೆ ಮೊಬೈಲಿನ ಸ್ಟಾಪ್‌ವಾಚ್ ಒತ್ತಲೂ ಕೈ ಬರುತ್ತಿಲ್ಲ.

ಬಾರದ್ದಕ್ಕೆ ಕಾರಣ ಪೆಂಡಾಲಿನ ಬಾಗಿಲಲ್ಲೇ ತೂಗುತ್ತಿದೆ. ಬ್ಯಾನರಿನಲ್ಲಿ ಗಣಪನಿಗಿಂತ ಒಂದು ಗೇಣು ಸಣ್ಣದಾಗಿ ತಮ್ಮ ಫೋಟೋ ಇದೆ, ಕೆಳಗೆ ಚಂದಾದ ಮೊತ್ತ. ಮೊದಲ ಬಹುಮಾನದ ಕಪ್ಪನ್ನೂ ತಾವೇ ಕೊಡಿಸಿದ್ದೀರಿ. ಕಾಯ್ದೆ ಕೇಳಲು ಹೋದವರಿಗೆ ಮಂಡಳಿಯ ಅಧ್ಯಕ್ಷರು ಚಹಾ ಕುಡಿಸಿ ಕಳಿಸುತ್ತಾರೆ: “ಹಿರಿಯಾರು, ಹೊಂದಿಸ್ಕೊಂಡು ಹೋಗ್ರೆಪಾ.” ಇದೇ ಅಧ್ಯಕ್ಷರು ನಿನ್ನೆ ಹತ್ತು ನಿಮಿಷ ತಡವಾಗಿ ಬಂದ ಗೌಂಡಿ ಕೆಲಸದ ಹುಡುಗನನ್ನು ಆಡಿಸದೆ ಹೊರಗೆ ಹಾಕಿದರು. ಅವನು ಕೊಟ್ಟಿದ್ದು ಪ್ರವೇಶ ಫೀ ಮಾತ್ರ. ತಮ್ಮ ಮೇಲಿರುವುದಕ್ಕಿಂತ ಹೆಚ್ಚಿನ ಸಿಟ್ಟು ನನಗಿರುವುದು ಈ ಚಹಾದ ಮೇಲೆ.

ಆದ್ದರಿಂದ ಸೆಕೆಂಡು ಎಣಿಸುವ ಕೆಲಸವನ್ನು ಕನ್ನಡ ಶಾಲೆಯ ಎರಡನೇ ಇಯತ್ತೆ ಹುಡುಗಿಯರಿಗೆ ವಹಿಸಬೇಕೆಂದು ಅರ್ಜಿ ಕೊಟ್ಟಿದ್ದೇನೆ. ಅವರಿಗೆ ಹದಿನೈದರ ತನಕ ಎಣಿಸಲು ಬರುತ್ತದೆ, ಚಂದಾ ಪಟ್ಟಿ ಇನ್ನೂ ತಿಳಿಯದು. ಮೇಲಾಗಿ ಒಕ್ಕೊರಲಿನಿಂದ, ಗಟ್ಟಿಯಾಗಿ ಎಣಿಸುತ್ತಾರೆ.

ಅರ್ಜಿ ಮಂಜೂರಾಗದಿದ್ದರೂ ತಾವು ಚಿಂತೆ ಮಾಡಬೇಡಿ. ನಾಳಿದ್ದು ಗಣಪತಿ ಕಳಿಸುವುದು, ಟ್ರ್ಯಾಕ್ಟರ್ ಹೇಳಿಯಾಗಿದೆ. ಬೋರ್ಡ್, ಬಲ್ಬು, ತಾವು ಮತ್ತು ಎದುರಿಗೆ ಕೂತ ಆ ಹುಡುಗ, ನಾಲ್ಕಕ್ಕೂ ಟ್ರಾಲಿಯಲ್ಲಿ ಜಾಗ ಹಿಡಿದಿದ್ದೇನೆ. ಆಟ ಮುರಿಯುವುದು ಬೇಡ. ದಾರಿಯಲ್ಲಿ ಹಂಪ್‌ಗಳಿವೆ, ಕುಲುಕಿದಾಗ ಸ್ಟ್ರೈಕರ್ ತಾನಾಗಿ ಮುಂದೆ ಹೋದರೆ ಅದನ್ನು ತಮ್ಮ ಹೊಡೆತವೆಂದೇ ಹಿಡಿಯಲಾಗುವುದು.

ಇಂತಿ,
ತಮ್ಮ ಪಾಳಿ ಮುಗಿದ ಮೇಲೆ ಆಡಬೇಕಾದ ಮೂರನೇ ಸುತ್ತಿನ ಆಟಗಾರ