ಕೇಪಿನ ಕೋವಿಯವರ ಸನ್ನಿಧಾನಕ್ಕೊಂದು ಅರಿಕೆ

ಮಹಾರಾಜರಾಜಶ್ರೀ ಕೇಪಿನ ಕೋವಿಯವರಿಗೆ,

ಮಲೆನಾಡಿನ ಅಡಿಕೆ ತೋಟದವನೊಬ್ಬ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ. ಇಲ್ಲಿಯ ಕುಶಲವೇನೆಂದರೆ, ಮೊನ್ನೆ ರಾತ್ರಿ ಹಂದಿ ಹಿಂಡು ಬಾಳೆಯನ್ನೆಲ್ಲ ಬುಡಮೇಲು ಮಾಡಿ ಸುಖವಾಗಿ ಕಾಡು ಸೇರಿದೆ. ತಾವು ಬೀರುವಿನೊಳಗೆ ಎಣ್ಣೆಬಟ್ಟೆ ಹೊದ್ದು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ.

ತಮ್ಮ ಗಾಂಭೀರ್ಯಕ್ಕೆ ನಾನು ಎಂದೋ ಸೋತವನು. ತೋಟೆ ಕೋವಿಗಳು ಈಚೆಗೆ ಬಂದ ಹುಡುಗರು. ನಡು ಮುರಿದು ತೋಟೆ ತುರುಕಿದರೆ ಆಯಿತು. ತಮ್ಮದು ಹಳೇ ಮನೆತನ. ಸಕಲವೂ ಬಾಯಿಂದಲೇ ಸಮರ್ಪಣೆಯಾಗಬೇಕು. ಮೊದಲು ಮದ್ದು, ಅದರ ಮೇಲೆ ತೆಂಗಿನ ನಾರು, ಗಜ ಹಿಡಿದು ಜಡಿಯುವುದು, ಆಮೇಲೆ ಚರೆ, ಪುನಃ ನಾರು, ಪುನಃ ಗಜ. ಕಟ್ಟಕಡೆಗೆ ಕೇಪು. ಈ ಷೋಡಶೋಪಚಾರ ಮುಗಿಯುವಷ್ಟರಲ್ಲಿ ಮಂಗಗಳು ಎಳನೀರು ಕುಡಿದು, ಬುರುಡೆಯನ್ನು ನನ್ನ ಅಂಗಳಕ್ಕೇ ಎಸೆದು ಹೋಗಿರುತ್ತವೆ. ಅವಸರ ಮಾಡಬಾರದೆಂಬ ಪಾಠವನ್ನು ಇಷ್ಟು ಖರ್ಚಿನಲ್ಲಿ ಕಲಿಸಿದ ಗುರುಗಳು ಬೇರೆ ಯಾರಿದ್ದಾರೆ?

ತಮ್ಮ ಮೂಲಪುರುಷರನ್ನೂ ಸ್ಮರಿಸಿಕೊಳ್ಳುತ್ತೇನೆ. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ ಅವರಿಗೆ ಹಕ್ಕಿ ಬೇಟೆಯ ಹುಚ್ಚು. ಚಕಮಕಿ ಕೋವಿಯ ಕಿಡಿ ಕಂಡೊಡನೆ, ಈಡು ಹಾರುವುದರೊಳಗೆ ಹಕ್ಕಿ ಪರಾರಿಯಾಗುತ್ತಿತ್ತು. ಬೇಸತ್ತ ಪಾದ್ರಿಗಳು ಪೆಟ್ಟು ಬಿದ್ದರೆ ಸಿಡಿಯುವ ಮದ್ದಿನ ಉಪಾಯ ಕಂಡುಕೊಂಡು 1807ರಲ್ಲಿ ಪೇಟೆಂಟ್ ಪಡೆದರು. ಮುಂದೆ ಅಂಥ ಮದ್ದಿನ ತಾಮ್ರದ ಕೇಪು ಬಂತು, ಇನ್ನು ಮಳೆಗೆ ಹೆದರಬೇಕಿಲ್ಲ ಎಂದು ಲೋಕವೆಲ್ಲ ಹಿಗ್ಗಿತು. ಆ ಹಿಗ್ಗಿದವರು ಯಾರೂ ಆಗುಂಬೆಯ ಆಷಾಢ ನೋಡಿದವರಲ್ಲ. ಇಲ್ಲಿ ಕೇಪು ಟಪ್ಪೆನ್ನುತ್ತದೆ, ಒಳಗಿನ ಮದ್ದು ಮೌನವ್ರತ ಹಿಡಿಯುತ್ತದೆ. ಈಗ ಹಾರೀತೋ ಇನ್ನೊಂದು ಗಳಿಗೆಗೆ ಹಾರೀತೋ ಎಂದು ನಳಿಗೆಯನ್ನು ಆಕಾಶಕ್ಕೆ ಹಿಡಿದು ಮಳೆಯಲ್ಲಿ ನಿಲ್ಲುವ ಧ್ಯಾನಯೋಗವನ್ನು ಕರುಣಿಸಿದ್ದಕ್ಕೆ ಚಿರಋಣಿ.

ಹಾರಿದರೂ ತಮ್ಮ ಕೃಪೆ ಅಲ್ಲಿಗೆ ಮುಗಿಯುವುದಿಲ್ಲ. ಕರಿಮದ್ದು ಉರಿದರೆ ಅರ್ಧಕ್ಕಿಂತ ಹೆಚ್ಚು ಅನಿಲವಾಗುವುದೇ ಇಲ್ಲ. ಒಂದಿಷ್ಟು ದಟ್ಟ ಹೊಗೆಯಾಗಿ ಮುಖಕ್ಕೆ ರಾಚುತ್ತದೆ, ಮಿಕ್ಕದ್ದು ನಳಿಗೆಯೊಳಗೆ ಕಿಟ್ಟವಾಗಿ ಕೂರುತ್ತದೆ. ಆ ಕಿಟ್ಟ ಗಾಳಿಯ ತೇವ ಹೀರಿ ಬೆಳಗಾಗುವಷ್ಟರಲ್ಲಿ ತುಕ್ಕು ಹಿಡಿಸುತ್ತದೆ. ಹಾಗಾಗಿ ಎಷ್ಟು ಹೊತ್ತಾದರೂ ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ತಮಗೆ ಅಭ್ಯಂಜನ ಆಗಲೇಬೇಕು. ಗಜದ ತುದಿಗೆ ಬಟ್ಟೆ ಸುತ್ತಿ ಮೇಲೆ ಕೆಳಗೆ ಎಳೆದಂತೆಲ್ಲ ಮಸಿನೀರು ಇಳಿಯುತ್ತದೆ, ಕೊಳೆತ ಮೊಟ್ಟೆಯ ಪರಿಮಳ ಅಡುಗೆಮನೆಯವರೆಗೂ ಹಬ್ಬುತ್ತದೆ. ಆಮೇಲೆ ಮನೆಯವರು ತಮ್ಮ ಬಗ್ಗೆ ಆಡುವ ಮಾತನ್ನು ಇಲ್ಲಿ ಬರೆದರೆ ಶಿಷ್ಟಾಚಾರವಾಗದು.

ಇಷ್ಟೆಲ್ಲ ಸಹಿಸುತ್ತಿದ್ದೆವು, ನಮ್ಮ ಕಮ್ಮಾರ ಆಚಾರ್ರು ಇದ್ದಷ್ಟು ದಿನ. ತಮ್ಮ ಕುದುರೆ ಸಡಿಲವಾದರೂ ಸ್ಪ್ರಿಂಗು ಸೋತರೂ ಹಿಡಿ ಸೀಳಿದರೂ ಅವರ ಕುಲುಮೆಯೇ ಗತಿ. ಹೊಸ ಹಲಸಿನ ಹಿಡಿ ಕೂರಿಸುವಾಗ ಅವರು ಅಳತೆಪಟ್ಟಿ ಮುಟ್ಟುತ್ತಿರಲಿಲ್ಲ. ಕಬ್ಬಿಣದ ಭಾಗವನ್ನು ಚಿಮಣಿ ದೀಪಕ್ಕೆ ಹಿಡಿದು ಮಸಿ ಹತ್ತಿಸಿ, ಕೊರೆದ ಮರದೊಳಗೆ ಒತ್ತಿ ತೆಗೆಯುತ್ತಿದ್ದರು. ಮಸಿ ಅಂಟಿದಲ್ಲಿ ಮಾತ್ರ ಉಳಿಯ ತುದಿಯಿಂದ ಒಂದು ಎಳೆ ಕೆರೆತ. ಮತ್ತೆ ಮಸಿ, ಮತ್ತೆ ಕೆರೆತ. ಕೊನೆಗೆ ಕಬ್ಬಿಣಕ್ಕೂ ಮರಕ್ಕೂ ನಡುವೆ ಕೂದಲು ತೂರಲೂ ಜಾಗ ಇರುತ್ತಿರಲಿಲ್ಲ. ಇಂಥ ಕೈಗಳೇ ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಹುಲಿಮೊಗದ ಕೋವಿಗಳನ್ನು ಮಾಡಿದ್ದವು. ಅವುಗಳಲ್ಲಿ ಕೆಲವು ಈಗ ಇಂಗ್ಲೆಂಡಿನಲ್ಲಿ ಗಾಜಿನ ಹಿಂದಿವೆ. ನಮ್ಮ ಆಚಾರ್ರ ಪರವಾನಗಿ ಅವರೊಂದಿಗೇ ತೀರಿಕೊಂಡಿತು. ಮಗ ಬೆಂಗಳೂರಿನಲ್ಲಿ ಕಿಟಕಿ ಗ್ರಿಲ್ ಮಾಡುತ್ತಾನೆ. ಬುದ್ಧಿವಂತ.

ಕಾನೂನಿನ ಔದಾರ್ಯವನ್ನೂ ಕೊಂಡಾಡಲೇಬೇಕು. 1959ರ ಆಯುಧ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆಂದು ಬಾಯಿಂದ ಈಡು ತುಂಬುವ ತಮ್ಮ ಕುಲವನ್ನೇ ಎತ್ತಿ ಹೇಳುತ್ತದೆ. ಅದೇ ಕಾಯ್ದೆಯ 5ನೇ ಕಲಮಿನ ಪ್ರಕಾರ ಪರವಾನಗಿ ಇಲ್ಲದವನು ತಮ್ಮನ್ನು ತಯಾರಿಸುವುದಿರಲಿ, ರಿಪೇರಿಯನ್ನೂ ಮಾಡುವಂತಿಲ್ಲ. ತಪ್ಪೆನ್ನಲಾರೆ, ಕಳ್ಳಕೋವಿ ಮಾಡಿದ ಅನಾಹುತಗಳನ್ನು ಈ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಕೋವಿಯ ಪರವಾನಗಿಯನ್ನು ನವೀಕರಿಸುತ್ತಾ ಹೋಗಿ ಕಮ್ಮಾರನನ್ನು ಮರೆತರೆ ಉಳಿಯುವುದೇನು? 2019ರ ತಿದ್ದುಪಡಿಯಿಂದ ನನ್ನ ಪರವಾನಗಿಗೆ ಮೂರರ ಬದಲು ಐದು ವರ್ಷದ ಆಯುಷ್ಯ. ತಮ್ಮ ಸ್ಪ್ರಿಂಗಿಗೆ ಅಂಥ ತಿದ್ದುಪಡಿ ಬಂದಿಲ್ಲ.

ಇನ್ನು 1972ರ ವನ್ಯಜೀವಿ ಕಾಯ್ದೆ. ಅಪ್ಪಣೆಯಿಲ್ಲದೆ ಹಂದಿಯನ್ನು ಕೊಲ್ಲುವಂತಿಲ್ಲವಾದ್ದರಿಂದ ತಮ್ಮ ಉದ್ಯೋಗ ಈಗ ಸದ್ದು ಮಾಡುವುದಷ್ಟೇ. ಆ ಕೆಲಸವನ್ನು ಗರ್ನಾಲು ಇನ್ನೂ ಚೆನ್ನಾಗಿ ಮಾಡುತ್ತದೆ, ಅದನ್ನು ತೊಳೆಯಬೇಕಾಗಿಲ್ಲ, ಚುನಾವಣೆ ಬಂತೆಂದು ಠಾಣೆಯಲ್ಲಿ ಇಟ್ಟು ಬರಬೇಕಾಗಿಯೂ ಇಲ್ಲ. ತಾವಾದರೋ ಪ್ರಜಾಪ್ರಭುತ್ವದ ಪ್ರತಿ ಹಬ್ಬಕ್ಕೂ ಕೊರಳಿಗೆ ಚೀಟಿ ಕಟ್ಟಿಸಿಕೊಂಡು ಠಾಣೆಯ ಮೂಲೆಯಲ್ಲಿ ವಾಸ್ತವ್ಯ ಹೂಡುತ್ತೀರಿ. ಮತದಾರರು ಆರಿಸಿದವರು ಬೆಂಗಳೂರಿಗೆ ಹೋಗುತ್ತಾರೆ, ತಾವು ತುಕ್ಕು ಹೊತ್ತು ಮನೆಗೆ ಬರುತ್ತೀರಿ.

ಕೊಡಗಿನ ತಮ್ಮ ನೆಂಟರ ವೈಭವ ಕೇಳಿ ಹೊಟ್ಟೆ ಉರಿಯುವುದೂ ನಿಜ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ ಅವರ ನಳಿಗೆಗೆ ತೋಕ್ ಪೂ ಎಂಬ ಹೂವು ಮುಡಿಸಿ ಪೂಜಿಸುತ್ತಾರೆ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. ತಮಗೆ ಆಯುಧಪೂಜೆಯಲ್ಲಿ ಟಿಲ್ಲರ್ ಪಕ್ಕ ಒಂದು ಬೊಟ್ಟು ಕುಂಕುಮ ಸಿಗುತ್ತದೆ. ಈ ಸಲ ಟಿಲ್ಲರಿಗೆ ಮೊದಲು ಇಟ್ಟೆ. ಅದು ಕೆಲಸ ಮಾಡುತ್ತದೆ.

ತಮ್ಮ ವಿಧೇಯ ಸೇವಕ,
ಪರವಾನಗಿದಾರ

ವಿ.ಸೂ.: ವಾಚಕರಲ್ಲಿ ಪ್ರಾರ್ಥನೆ. ಕೋವಿ ದುರಸ್ತಿಯ ಪರವಾನಗಿ ಇರುವ ಆಚಾರ್ರು ನಿಮ್ಮ ಕಡೆ ಯಾರಾದರೂ ಇದ್ದರೆ ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ಬರೆದು ತಿಳಿಸಿ. ಅವರು ಎಷ್ಟು ದೂರದಲ್ಲಿದ್ದರೂ ಚಿಂತೆಯಿಲ್ಲ, ಕಾಗದಪತ್ರದ ಸಮೇತ ನಾನೇ ಬರುತ್ತೇನೆ.